ಪೊಲೀಸರಿಗೆ ಯಾಕೆ ಹೇಳಲಿಲ್ಲ?

ಹದಿಹರೆಯದವರಿಗಾಗಿ ಬರೆದ ಯಾವುದೇ ಪತ್ತೇದಾರಿ ಕಾದಂಬರಿಯನ್ನು ದೊಡ್ಡವರೊಬ್ಬರ ಕೈಗೆ ಕೊಟ್ಟು ನೋಡಿ. ಮೂವತ್ತು ನಲವತ್ತು ಪುಟ ದಾಟುವುದರೊಳಗೆ ಅವರು ಪುಸ್ತಕವನ್ನು ಮಡಿಲಿಗಿಳಿಸಿ ಕೇಳುತ್ತಾರೆ: “ಈ ಹುಡುಗಿ ಪೊಲೀಸರಿಗೆ ಯಾಕೆ ಹೇಳಲಿಲ್ಲ? ಹೋಗಲಿ, ಅಮ್ಮನಿಗಾದರೂ ಹೇಳಬಹುದಿತ್ತಲ್ಲ?” ಅದೇ ಪುಸ್ತಕವನ್ನು ಹದಿನಾಲ್ಕರ ವಯಸ್ಸಿನವರು ಓದುವಾಗ ಈ ಪ್ರಶ್ನೆ ಹುಟ್ಟುವುದೇ ಇಲ್ಲ. ಹೇಳಿದರೆ ಏನಾಗುತ್ತದೆ ಎಂದು ಅವರಿಗೆ ಚೆನ್ನಾಗಿ ಗೊತ್ತು. “ನಿನಗೆ ಹಾಗನ್ನಿಸಿರಬೇಕು” ಎನ್ನುತ್ತಾರೆ. ಇಲ್ಲವೇ “ಮೊದಲು ಓದಿನ ಕಡೆ ಗಮನ ಕೊಡು” ಎನ್ನುತ್ತಾರೆ. ಅದೂ ಅಲ್ಲವೆಂದರೆ, “ಅವರಂಥವರು ಹಾಗೆ ಮಾಡುತ್ತಾರೆಯೇ?” ಎಂದು ಬಾಯಿ ಮುಚ್ಚಿಸುತ್ತಾರೆ.

ಪ್ರಕಾಶಕರು ‘ಯಂಗ್ ಅಡಲ್ಟ್’ ಎಂಬ ಹಣೆಪಟ್ಟಿ ಅಂಟಿಸಿ ಮಾರುವ, ಹೆಚ್ಚುಕಡಿಮೆ 12ರಿಂದ 18ರ ವಯಸ್ಸಿನವರಿಗೆಂದು ಬರೆದ ಪುಸ್ತಕಗಳ ಬಗ್ಗೆ ನಾನು ಮಾತನಾಡುತ್ತಿದ್ದೇನೆ. ಇವುಗಳಲ್ಲಿ ಕೊಲೆ ಇರುತ್ತದೆ, ಕಳವು ಇರುತ್ತದೆ, ಯಾರೋ ಕಾಣೆಯಾಗಿರುತ್ತಾರೆ. ಅಪರಾಧಿ ಯಾರೆಂದು ತಿಳಿಯುವ ಆಸೆಯೂ ಓದುಗರಿಗೆ ಇರುತ್ತದೆ. ಅದಿಷ್ಟೇ ಆಗಿದ್ದರೆ ದೊಡ್ಡವರ ಪತ್ತೇದಾರಿ ಕಾದಂಬರಿಗಳೇ ಸಾಕಾಗಿದ್ದವು. ಅಲ್ಲಿ ಹೆಣಗಳಿಗೇನೂ ಬರವಿಲ್ಲ. ನನಗೆ ಕಾಣುವಂತೆ ಇವುಗಳ ಸೆಳೆತ ಬೇರೆಯದು. ಮಾತಿಗೆ ತೂಕವೇ ಇಲ್ಲದ ವಯಸ್ಸಿನ ಒಬ್ಬರು, ತಾವು ಕಂಡದ್ದು ನಿಜವೆಂದು ಎಲ್ಲರೆದುರು ರುಜುವಾತು ಮಾಡುವ ಕಥೆ ಇದು. ಕಳ್ಳ ಸಿಕ್ಕಿಬೀಳುವುದಕ್ಕಿಂತ ಹೆಚ್ಚಿನ ಸುಖ ಆ ರುಜುವಾತಿನಲ್ಲಿದೆ.

ಹಳೆಯದೊಂದು ಪುಸ್ತಕದಿಂದ ಶುರು ಮಾಡುತ್ತೇನೆ. ಜರ್ಮನ್ ಲೇಖಕ ಎರಿಕ್ ಕೆಸ್ಟ್ನರ್ 1929ರಲ್ಲಿ ಎಮಿಲ್ ಎಂಬ ಹುಡುಗನ ಕಥೆ ಬರೆದರು. ‘ಯಂಗ್ ಅಡಲ್ಟ್’ ಎಂಬ ಮಾತೇ ಬಳಕೆಗೆ ಬಂದಿರದ ಕಾಲ ಅದು. ಓದುಗರೂ ಇನ್ನಷ್ಟು ಚಿಕ್ಕವರು. ಆದರೂ ಈ ಪ್ರಕಾರದ ಬೇರು ಅಲ್ಲಿದೆ ಎಂದು ನನ್ನ ನಂಬಿಕೆ. ಎಮಿಲ್‌ಗೆ ತಂದೆ ಇಲ್ಲ. ತಾಯಿ ಕೇಶಾಲಂಕಾರ ಮಾಡಿ ಸಂಸಾರ ತೂಗಿಸುತ್ತಾಳೆ. ಬರ್ಲಿನ್‌ನಲ್ಲಿರುವ ಅಜ್ಜಿಯ ಬಳಿಗೆ ಮಗನನ್ನು ರೈಲು ಹತ್ತಿಸುವಾಗ 140 ಮಾರ್ಕ್ ಕೊಟ್ಟು ಕಳಿಸುತ್ತಾಳೆ: ನೂರರ ಒಂದು ನೋಟು, ಇಪ್ಪತ್ತರ ಎರಡು. ಹುಡುಗನಿಗೆ ದುಡ್ಡಿನದೇ ಧ್ಯಾನ. ಲಕೋಟೆಯನ್ನು ಕೋಟಿನ ಒಳಜೇಬಿನಲ್ಲಿಟ್ಟು ಗುಂಡುಸೂಜಿ ಚುಚ್ಚಿ ಭದ್ರ ಮಾಡಿಕೊಳ್ಳುತ್ತಾನೆ. ಆಮೇಲೆ ನಿದ್ದೆ. ಎಚ್ಚರವಾದಾಗ ಲಕೋಟೆಯೂ ಇಲ್ಲ, ಎದುರಿಗೆ ಕುಳಿತಿದ್ದ ಟೋಪಿಯ ಮನುಷ್ಯನೂ ಇಲ್ಲ.

ಈಗ ನಮ್ಮ ಪ್ರಶ್ನೆ: ಪೊಲೀಸರಿಗೆ ಯಾಕೆ ಹೇಳಲಿಲ್ಲ? ಕೆಸ್ಟ್ನರ್ ಇದಕ್ಕೆ ಉತ್ತರವನ್ನು ಮೊದಲೇ ಸಿದ್ಧಮಾಡಿಟ್ಟಿದ್ದಾರೆ. ಎಮಿಲ್ ಕೆಲವು ದಿನಗಳ ಹಿಂದೆ ತನ್ನ ಊರಿನ ಸ್ಮಾರಕದ ಪ್ರತಿಮೆಗೆ ಮೀಸೆ ಬರೆದು, ಮೂಗಿಗೆ ಕೆಂಪು ಬಳಿದಿದ್ದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಪೊಲೀಸರ ಹೆಸರೆತ್ತಿದರೆ ಅವನಿಗೆ ತನ್ನ ಕೈಗಂಟಿದ ಬಣ್ಣವೇ ನೆನಪಾಗುತ್ತದೆ. ಒಂದು ತುಂಟತನದ ಭಯ ಒಂದು ನಿಜವಾದ ಅಪರಾಧದ ದೂರಿಗೆ ಅಡ್ಡ ಬರುತ್ತದೆ. ದೊಡ್ಡವರಿಗೆ ಇದು ನಗೆಯ ಸಂಗತಿ. ಆ ವಯಸ್ಸಿನಲ್ಲಿ ಇದು ಬೆಟ್ಟದಷ್ಟು ದೊಡ್ಡದು.

ಕೊನೆಗೆ ಬರ್ಲಿನ್‌ನ ಹುಡುಗರ ಗುಂಪೊಂದನ್ನು ಕಟ್ಟಿಕೊಂಡು ಎಮಿಲ್ ಆ ಮನುಷ್ಯನನ್ನು ಬ್ಯಾಂಕಿನವರೆಗೂ ಹಿಂಬಾಲಿಸುತ್ತಾನೆ. ಅಲ್ಲಿನ ದೃಶ್ಯವನ್ನು ನೋಡಿ. ಕೌಂಟರಿನ ಮೇಲೆ ಹಣ. ಒಂದು ಕಡೆ ಟೋಪಿ ತೊಟ್ಟ ಗೃಹಸ್ಥ, ಇನ್ನೊಂದು ಕಡೆ ಬೆವರು ಸುರಿಸುತ್ತಿರುವ ಹುಡುಗ. ಇಬ್ಬರೂ “ಇದು ನನ್ನದು” ಎನ್ನುತ್ತಿದ್ದಾರೆ. ಯಾರ ಮಾತು ನಡೆಯುತ್ತದೆ? ಆಗ ಎಮಿಲ್‌ಗೆ ಗುಂಡುಸೂಜಿ ನೆನಪಾಗುತ್ತದೆ. ನೋಟುಗಳನ್ನು ಪರೀಕ್ಷಿಸಿದರೆ ಸೂಜಿ ಚುಚ್ಚಿದ ರಂಧ್ರಗಳು ಅಲ್ಲೇ ಇವೆ. ಅಷ್ಟೇ. ಭೂತಗನ್ನಡಿಯಿಲ್ಲ, ಬೆರಳಚ್ಚಿಲ್ಲ, ಬುದ್ಧಿವಂತಿಕೆಯ ಭಾಷಣವಿಲ್ಲ. ಮಗುವಿನ ಅತಿ ಎಚ್ಚರಿಕೆಯೇ, ದೊಡ್ಡವರು ನೋಡಿದ್ದರೆ ನಕ್ಕುಬಿಡುತ್ತಿದ್ದ ಆ ಸೂಜಿಯೇ, ಸಾಕ್ಷಿಯಾಗಿ ನಿಲ್ಲುತ್ತದೆ. ಈ ದೃಶ್ಯವನ್ನು ಓದುವಾಗ ನನಗೆ ಈಗಲೂ ಗಂಟಲು ಕಟ್ಟುತ್ತದೆ.

ಸ್ವಲ್ಪ ದಾರಿ ತಪ್ಪುತ್ತೇನೆ, ಕ್ಷಮಿಸಿ. ಆ ಗುಂಪಿನಲ್ಲಿ ಡೀನ್‌ಸ್ಟಾಗ್ ಎಂಬ ಚಿಕ್ಕ ಹುಡುಗನಿದ್ದಾನೆ. ಎಲ್ಲರೂ ಕಳ್ಳನ ಬೆನ್ನು ಹತ್ತಿ ಓಡುತ್ತಿರುವಾಗ ಅವನ ಕೆಲಸ ಮನೆಯಲ್ಲಿ ಫೋನಿನ ಪಕ್ಕ ಕೂರುವುದು. ಸುದ್ದಿ ಬಂದರೆ ಬರೆದುಕೊಳ್ಳುವುದು, ದಾಟಿಸುವುದು. ಅವನಿಗೂ ಓಡುವ ಆಸೆ ಇದೆ, ಆದರೆ ಜಾಗ ಬಿಟ್ಟು ಕದಲುವುದಿಲ್ಲ. ಕಥೆ ಮುಗಿಯುವಾಗ ಅಜ್ಜಿ ಹೊಗಳುವುದು ಅವನನ್ನೇ. ಪತ್ತೇದಾರಿ ಕಥೆಗಳಲ್ಲಿ ಇಂಥ ಕಡೆ ಬೆಳಕು ಬೀಳುವುದು ಅಪರೂಪ, ಆದ್ದರಿಂದ ಹೇಳಿದೆ.

ದಾರಿಗೆ ಬರೋಣ. ಎಮಿಲ್ ಮುಗಿದ ಮರುವರ್ಷವೇ, 1930ರಲ್ಲಿ, ಅಮೆರಿಕದಲ್ಲಿ ನ್ಯಾನ್ಸಿ ಡ್ರೂ ಹುಟ್ಟಿದಳು. ಹದಿನಾರರ ಹುಡುಗಿ, ವಕೀಲ ತಂದೆ, ನೀಲಿ ಬಣ್ಣದ ಸ್ವಂತ ಕಾರು. ಎಲ್ಲಿಗೆ ಹೊರಟೆ, ಎಷ್ಟು ಹೊತ್ತಿಗೆ ಬರುತ್ತೀ ಎಂದು ಅಡ್ಡಗಟ್ಟಿ ನಿಲ್ಲಿಸುವವರಿಲ್ಲ. ಮುಖಪುಟದ ಮೇಲಿದ್ದ ಕ್ಯಾರೊಲಿನ್ ಕೀನ್ ಎಂಬ ಲೇಖಕಿ ಎಂದೂ ಬದುಕಿರಲಿಲ್ಲ ಎನ್ನುವುದು ಇದರ ಸ್ವಾರಸ್ಯ. ಎಡ್ವರ್ಡ್ ಸ್ಟ್ರೇಟ್‌ಮೇಯರ್ ಎಂಬಾತ ಕಥೆಯ ಹಂದರ ಮಾಡಿಕೊಡುತ್ತಿದ್ದ, ಬರೆಯುವವರಿಗೆ ಇಡಿಗಂಟಾಗಿ ಹಣ ಕೊಟ್ಟು ಹಕ್ಕು ತನ್ನಲ್ಲಿಟ್ಟುಕೊಳ್ಳುತ್ತಿದ್ದ. ಮೊದಲ ಪುಸ್ತಕಗಳನ್ನು ಬರೆದವರು ಮಿಲ್ಡ್ರೆಡ್ ವರ್ಟ್ ಬೆನ್ಸನ್. ಪುಸ್ತಕಕ್ಕೆ 125 ಡಾಲರ್. ಅವರ ಹೆಸರು ಲೋಕಕ್ಕೆ ಸರಿಯಾಗಿ ತಿಳಿದದ್ದು ಐವತ್ತು ವರ್ಷ ಕಳೆದು, 1980ರಲ್ಲಿ, ಪ್ರಕಾಶಕರ ನಡುವಿನ ಒಂದು ಮೊಕದ್ದಮೆಯಲ್ಲಿ ಅವರು ಸಾಕ್ಷಿ ಹೇಳಿದಾಗ. ಲಕ್ಷಾಂತರ ಮಕ್ಕಳು ಒಳಗಿನ ಗುಟ್ಟುಗಳನ್ನು ಬಿಡಿಸುತ್ತಿದ್ದಾಗ ದೊಡ್ಡ ಗುಟ್ಟು ಮುಖಪುಟದ ಮೇಲೆಯೇ ಇತ್ತು!

ನ್ಯಾನ್ಸಿಯ ಆಕರ್ಷಣೆ ಸ್ವಾತಂತ್ರ್ಯದ ಕನಸು. ಇಂದಿನ ಕಾದಂಬರಿಗಳು ಆ ಕಾರಿನ ಕೀಲಿಯನ್ನು ಕಿತ್ತುಕೊಂಡಿವೆ. ಅದರಿಂದ ಲಾಭವೇ ಆಯಿತು ಎನ್ನುತ್ತೇನೆ. ದೊಡ್ಡವರ ಪತ್ತೇದಾರನಿಗೆ ಗುರುತಿನ ಚೀಟಿ ಇರುತ್ತದೆ, ಪ್ರಯೋಗಾಲಯ ಇರುತ್ತದೆ, ಬಾಗಿಲು ತಟ್ಟಿದರೆ ತೆಗೆಯಲೇಬೇಕಾದ ಅಧಿಕಾರ ಇರುತ್ತದೆ. ಹದಿನಾರರ ಹುಡುಗಿಗೆ ಇರುವುದು ನಾಳೆಯ ಪರೀಕ್ಷೆ, ಎಂಟು ಗಂಟೆಯೊಳಗೆ ಮನೆ ಸೇರಬೇಕೆಂಬ ಕಟ್ಟಪ್ಪಣೆ, ತಮ್ಮನಿಗೂ ಗೊತ್ತಿರುವ ಪಾಸ್‌ವರ್ಡ್. ಊರಾಚೆಯ ಒಂದು ಮನೆಗೆ ಹೋಗಿ ಬರುವುದೇ ಅವಳಿಗೆ ಒಂದು ಅಧ್ಯಾಯದ ಸಾಹಸ. ಯಾರ ಜೊತೆ ಹೋಗುವುದು, ಮನೆಯಲ್ಲಿ ಏನೆಂದು ಸುಳ್ಳು ಹೇಳುವುದು, ಆ ಸುಳ್ಳಿಗೆ ಗೆಳತಿಯ ತಾಯಿ ಸಾಕ್ಷಿಯಾಗಬೇಕಾಗಿ ಬಂದರೆ ಏನು ಗತಿ? ಕೊಲೆಗಾರ ಇನ್ನೂ ಕಥೆಯೊಳಗೆ ಕಾಲಿಟ್ಟಿರುವುದಿಲ್ಲ, ಓದುಗರ ಎದೆ ಆಗಲೇ ಢವಢವ ಹೊಡೆದುಕೊಳ್ಳುತ್ತಿರುತ್ತದೆ.

ಆ ಕೊರತೆಗಳ ನಡುವೆ ಒಂದು ದೊಡ್ಡ ಅನುಕೂಲವೂ ಇದೆ: ಇವರನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ದೊಡ್ಡವರು ಇವರ ಎದುರೇ ಮಾತನಾಡಿಕೊಳ್ಳುತ್ತಾರೆ, ಫೋನನ್ನು ಮೇಜಿನ ಮೇಲೆ ಬಿಟ್ಟು ಹೋಗುತ್ತಾರೆ. ಹಾಲಿ ಜಾಕ್ಸನ್ ಅವರ 2019ರ ಜನಪ್ರಿಯ ಕಾದಂಬರಿಯ ನಾಯಕಿ ಪಿಪ್, ಐದು ವರ್ಷಗಳ ಹಿಂದಿನ, ಊರೆಲ್ಲ ಮುಗಿದುಹೋಯಿತೆಂದು ನಂಬಿರುವ ಪ್ರಕರಣವನ್ನು ಕೆದಕುವುದು ಶಾಲೆಯ ಪ್ರಾಜೆಕ್ಟ್ ಎಂಬ ನೆಪದಲ್ಲಿ. ಎಷ್ಟು ಚೆನ್ನಾಗಿದೆ ನೋಡಿ ಆ ನೆಪ! ಶಾಲೆಯ ಕೆಲಸಕ್ಕೆಂದು ಬಂದ ಹುಡುಗಿಯನ್ನು ಯಾರು ತಾನೇ ಬಾಗಿಲಿನಿಂದಾಚೆ ಅಟ್ಟುತ್ತಾರೆ? ಕಥೆಯ ನಡುನಡುವೆ ಅವಳ ಟಿಪ್ಪಣಿಗಳು, ಸಂದರ್ಶನಗಳ ಬರಹ ರೂಪಗಳು ಬರುತ್ತವೆ. ಅವಳ ಕಡತ ನಮ್ಮ ಕೈಯಲ್ಲೂ ಇರುತ್ತದೆ. ಅವಳು ಗಮನಿಸದೆ ದಾಟಿದ ಸಾಲಿನಲ್ಲಿ ನಾವು ಬೆರಳಿಟ್ಟು ನಿಲ್ಲಬಹುದು.

ಪತ್ತೇದಾರಿ, ಸಸ್ಪೆನ್ಸ್ ಎಂಬ ಎರಡು ಮಾತುಗಳನ್ನು ನಾವು ಒಂದೇ ಉಸಿರಿನಲ್ಲಿ ಹೇಳಿಬಿಡುತ್ತೇವೆ. ಇವೆರಡರ ವ್ಯತ್ಯಾಸಕ್ಕೆ ನಾನೇ ಕಟ್ಟಿದ ಒಂದು ದೃಶ್ಯ ಹೇಳುತ್ತೇನೆ. ಹುಡುಗಿಯೊಬ್ಬಳು ತನ್ನ ಆಪ್ತ ಗೆಳತಿಯ ಅಣ್ಣನ ಕೋಣೆಯೊಳಗೆ ಹೊಕ್ಕು ಮೇಜಿನ ಖಾನೆ ತೆರೆದಿದ್ದಾಳೆ. ಅಲ್ಲೊಂದು ಮಡಿಸಿದ ಬಸ್ ಟಿಕೆಟ್. ತಾರೀಖು ನೋಡುತ್ತಾಳೆ: ಆ ದಿನ ಅವನು ಜ್ವರ ಬಂದು ಮಲಗಿದ್ದೆ ಎಂದಿದ್ದ. ಇದು ಪತ್ತೇದಾರಿ. ಮನಸ್ಸು ಹಿಂದಕ್ಕೆ ಓಡುತ್ತದೆ. ಹಾಗಾದರೆ ಅಂದು ಎಲ್ಲಿಗೆ ಹೋಗಿದ್ದ? ಅವನು ಮಲಗಿದ್ದನ್ನು ನೋಡಿದವರು ಯಾರು?

ಈಗ ಅದೇ ದೃಶ್ಯಕ್ಕೆ ಒಂದೇ ಒಂದು ವಸ್ತು ಸೇರಿಸುತ್ತೇನೆ. ಅಣ್ಣ ಬೈಕ್ ತೆಗೆದುಕೊಂಡು ಹೊರಟದ್ದನ್ನು ಅವಳು ಕಿಟಕಿಯಿಂದ ನೋಡಿ ಧೈರ್ಯ ಮಾಡಿ ಒಳಗೆ ಬಂದಿದ್ದಾಳೆ. ಹಿಂದಿನ ಪುಟದಲ್ಲಿ ನಾವು ಇನ್ನೊಂದನ್ನೂ ನೋಡಿದ್ದೆವು: ಅವನ ಹೆಲ್ಮೆಟ್ ಮೆಟ್ಟಿಲ ಮೇಲೆಯೇ ಉಳಿದಿದೆ. ಅವಳಿಗೆ ಅದು ಗೊತ್ತಿಲ್ಲ. ಈಗ ಟಿಕೆಟ್ಟಿನ ತಾರೀಖು ಯಾರಿಗೆ ಬೇಕು! ನಮ್ಮ ಕಣ್ಣೆಲ್ಲ ಬಾಗಿಲಿನ ಮೇಲೆ. ಹೊರಗೆ ಬಾ ತಾಯಿ, ಸಾಕು ಎನ್ನುತ್ತೇವೆ. ಅವಳು ಇನ್ನೊಂದು ಖಾನೆ ಎಳೆಯುತ್ತಾಳೆ. ಇದು ಸಸ್ಪೆನ್ಸ್. ಪತ್ತೇದಾರಿಯಲ್ಲಿ ಓದುಗರಿಗೆ ತಿಳಿದದ್ದು ಕಡಿಮೆ, ಸಸ್ಪೆನ್ಸ್‌ನಲ್ಲಿ ಪಾತ್ರಕ್ಕಿಂತ ಹೆಚ್ಚು.

ಹದಿಹರೆಯದವರ ಕಾದಂಬರಿ ಇವೆರಡನ್ನೂ ಹೆಣೆದು ಮೂರನೆಯ ಎಳೆಯೊಂದನ್ನು ಸೇರಿಸುತ್ತದೆ, ನಿಜವಾದ ಬಿಗಿ ಇರುವುದು ಅದರಲ್ಲೇ. ಆ ಟಿಕೆಟ್ಟನ್ನು ಅವಳು ಜೇಬಿಗೆ ಹಾಕಿಕೊಂಡರೆ ಗೆಳತಿಯ ಜೊತೆ ಇನ್ನು ಊಟಕ್ಕೆ ಕೂರುವುದು ಹೇಗೆ? ವೃತ್ತಿಯ ಪತ್ತೇದಾರ ಪ್ರಕರಣ ಮುಗಿಸಿ ಮನೆಗೆ ಹೋಗುತ್ತಾನೆ. ಇವಳಿಗೆ ಶಂಕಿತರೆಲ್ಲ ದಿನವೂ ಕಣ್ಣೆದುರಿಗೆ ಬರುವವರೇ: ಸಹಪಾಠಿ, ಮೇಷ್ಟ್ರು, ಗೆಳತಿಯ ಅಣ್ಣ, ಕೆಲವೊಮ್ಮೆ ಸ್ವಂತ ಅಪ್ಪ. ನಾನು ಪ್ರೀತಿಸುವವರು ನನಗೆ ಸುಳ್ಳು ಹೇಳಿರಬಹುದು ಎಂಬ ಅನುಮಾನ ಮೊದಲ ಬಾರಿಗೆ ಮನಸ್ಸಿಗೆ ಬರುವುದು ಸಾಮಾನ್ಯವಾಗಿ ಈ ವಯಸ್ಸಿನಲ್ಲಿಯೇ. ಮಾರ್ಕ್ ಹ್ಯಾಡನ್ ಅವರ 2003ರ ಕಾದಂಬರಿಯಲ್ಲಿ ಹದಿನೈದರ ಕ್ರಿಸ್ಟೋಫರ್ ಹುಡುಕಲು ಹೊರಡುವುದು ನೆರೆಯವರ ನಾಯಿಯನ್ನು ಕೊಂದವರನ್ನು. ಸಿಗುವುದು ತನ್ನ ಮನೆಯದೇ ಗುಟ್ಟು. ಅದೇನೆಂದು ಹೇಳುವುದಿಲ್ಲ, ಓದದವರು ಇಲ್ಲಿದ್ದೀರಿ. ಆ ಪುಸ್ತಕವನ್ನು ಮಕ್ಕಳಿಗೊಂದು, ದೊಡ್ಡವರಿಗೊಂದು ಎಂದು ಎರಡು ಆವೃತ್ತಿಗಳಲ್ಲಿ ಏಕಕಾಲಕ್ಕೆ ಹೊರತಂದರು, ಒಳಗಿನ ಕಥೆ ಒಂದೇ.

ಮೊಬೈಲ್ ಬಂದ ಮೇಲೆ ಸಸ್ಪೆನ್ಸ್ ಸತ್ತುಹೋಯಿತು ಎಂದು ಕೆಲವರು ಕೊರಗುತ್ತಾರೆ. ಬ್ಯಾಟರಿ ಮುಗಿಯಿತು, ಸಿಗ್ನಲ್ ಇಲ್ಲ ಎಂದು ಬರೆದು ಪಾರಾಗುವ ಲೇಖಕರನ್ನು ನೋಡಿದರೆ ಹೌದೆನ್ನಿಸುತ್ತದೆ. ಜಾಣರು ಫೋನನ್ನೇ ಹೆದರಿಕೆಯ ಯಂತ್ರ ಮಾಡಿಕೊಂಡಿದ್ದಾರೆ. ರಾತ್ರಿ ಹನ್ನೆರಡೂವರೆಗೆ ಒಂದು ಪ್ರಶ್ನೆ ಕಳಿಸಿದ್ದೀರಿ. ಎರಡು ನೀಲಿ ಗೆರೆ ಮೂಡಿದವು. ‘ಟೈಪ್ ಮಾಡುತ್ತಿದ್ದಾರೆ’ ಎಂದು ಕಾಣಿಸಿತು, ನಿಂತಿತು. ಮತ್ತೆ ಕಾಣಿಸಿತು, ಮತ್ತೆ ನಿಂತಿತು. ಉತ್ತರ ಬರಲಿಲ್ಲ. ಈ ಸಭೆಯಲ್ಲಿ ಈ ಅನುಭವ ಆಗದವರು ಯಾರಾದರೂ ಇದ್ದೀರಾ?

ಇನ್ನೊಂದು ಮುಖ್ಯ ತಿರುವಿನ ಬಗ್ಗೆ ಹೇಳಬೇಕು. ಅಮೆರಿಕದ ಲೇಖಕಿ ಲೋಯಿಸ್ ಡಂಕನ್ 1973ರಲ್ಲಿ ಬರೆದ ಕಾದಂಬರಿಯಲ್ಲಿ ನಾಲ್ವರು ಹರೆಯದವರು ಕಾರಿನಲ್ಲಿ ಬರುತ್ತಾ ಸೈಕಲ್ ಮೇಲಿದ್ದ ಚಿಕ್ಕ ಹುಡುಗನೊಬ್ಬನಿಗೆ ಡಿಕ್ಕಿ ಹೊಡೆಯುತ್ತಾರೆ, ನಿಲ್ಲಿಸದೆ ಹೋಗುತ್ತಾರೆ. ಹುಡುಗ ಸಾಯುತ್ತಾನೆ. ನಾಲ್ವರೂ ಬಾಯಿ ಬಿಡುವುದಿಲ್ಲವೆಂದು ಮಾತು ಕೊಟ್ಟುಕೊಳ್ಳುತ್ತಾರೆ. ವರ್ಷ ಕಳೆದ ಮೇಲೆ ಒಬ್ಬಳಿಗೆ ಅಂಚೆಯಲ್ಲಿ ಒಂದು ಸಾಲಿನ ಚೀಟಿ: ಕಳೆದ ಬೇಸಿಗೆಯಲ್ಲಿ ನೀನು ಮಾಡಿದ್ದು ನನಗೆ ಗೊತ್ತು. ಪುಸ್ತಕದ ಹೆಸರೂ ಅದೇ. ಇಲ್ಲಿ ಎಮಿಲ್ ಇಲ್ಲ, ನ್ಯಾನ್ಸಿ ಇಲ್ಲ. ತಪ್ಪು ಮಾಡಿದವರೇ ನಾವು ಜೊತೆಗೆ ನಡೆಯಬೇಕಾದವರು. ಪೊಲೀಸರಿಗೆ ಯಾಕೆ ಹೇಳಲಿಲ್ಲ ಎಂಬುದಕ್ಕೆ ಇದಕ್ಕಿಂತ ಗಟ್ಟಿಯಾದ, ಇದಕ್ಕಿಂತ ಕೆಟ್ಟ ಉತ್ತರ ಸಿಗಲಿಕ್ಕಿಲ್ಲ.

ಕಾದಂಬರಿಯಲ್ಲಿ ಆ ನಾಲ್ವರಲ್ಲಿ ಒಬ್ಬರೂ ಸಾಯುವುದಿಲ್ಲ. 1997ರಲ್ಲಿ ಅದು ಸಿನಿಮಾ ಆದಾಗ ಕೊಕ್ಕೆ ಹಿಡಿದ ಕೊಲೆಗಾರ ಬಂದ, ಹೆಣಗಳು ಉರುಳಿದವು. ಡಂಕನ್ ಅದರ ಬಗ್ಗೆ ಬಹಿರಂಗವಾಗಿಯೇ ನೊಂದುಕೊಂಡರು. ಅವರ ಸ್ವಂತ ಮಗಳು 1989ರಲ್ಲಿ ಕೊಲೆಯಾಗಿದ್ದಳು ಎಂದು ತಿಳಿದರೆ ಆ ನೋವಿಗೆ ಬೇರೆ ವಿವರಣೆ ಬೇಕಾಗಿಲ್ಲ. ಆದರೆ ಕುಶಲತೆಯ ದೃಷ್ಟಿಯಿಂದಲೂ ಲೇಖಕಿಯೇ ಸರಿ. ಆ ಕಥೆಯಲ್ಲಿ ಭಯ ಇದ್ದದ್ದು ಕೊಕ್ಕೆಯಲ್ಲಲ್ಲ, ಅಂಚೆಯಲ್ಲಿ. ಯಾರಿಗೋ ಗೊತ್ತಾಗಿದೆ! ಹದಿನಾರರಲ್ಲಿ ಸಾವು ದೂರದ ಮಾತು, ಗೊತ್ತಾಗಿಬಿಡುವುದು ಪಕ್ಕದಲ್ಲೇ ಕುಳಿತಿರುವ ಭಯ.

ಇಂಥ ಕತ್ತಲೆಯನ್ನು ಮಕ್ಕಳ ಕೈಗೆ ಕೊಡಬಹುದೇ ಎಂದು ಪೋಷಕರು ಕೇಳುತ್ತಾರೆ. ಕೊಡಬಹುದು. ಪುಸ್ತಕ ಅತಿಯಾಯಿತೆನ್ನಿಸಿದರೆ ಓದುವವರು ಮುಚ್ಚಿಡುತ್ತಾರೆ, ದೀಪ ಹಾಕುತ್ತಾರೆ, ಬೆಳಿಗ್ಗೆ ಮತ್ತೆ ತೆರೆಯುತ್ತಾರೆ. ಭಯದ ಕೀಲಿ ಅವರ ಕೈಯಲ್ಲೇ ಇರುತ್ತದೆ. ನನ್ನ ತಕರಾರು ಇರುವುದು ಬೇರೆ ಕಡೆ. ಕೊನೆಯಲ್ಲಿ ಒಂದು ತಿರುವು ಇರಲೇಬೇಕು ಎಂಬ ಹಟದಿಂದ, ಇನ್ನೂರು ಪುಟ ನಮ್ಮ ಕೈ ಹಿಡಿದು ನಡೆಸಿದ ನಿರೂಪಕಿಯೇ ಸುಳ್ಳುಗಾತಿ ಎಂದು ಹೇಳುವುದು ಈಗ ಚಾಳಿಯಾಗಿದೆ. ಮೊದಲ ಸಲ ಬೆಚ್ಚಿಬಿದ್ದೆ. ಹತ್ತನೆಯ ಸಲ ಆಕಳಿಸಿದೆ. ಇನ್ನೊಂದು: ಸತ್ತ ಹುಡುಗಿಯನ್ನು ಬರೀ ಫೋಟೋ ಆಗಿ ಗೋಡೆಗೆ ತಗುಲಿಹಾಕುವುದು. ಅವಳಿಗೆ ಏನು ಇಷ್ಟವಾಗಿತ್ತು, ಯಾರೊಡನೆ ಜಗಳವಾಡುತ್ತಿದ್ದಳು ಎಂದು ನಾಲ್ಕು ಸಾಲು ಬರೆಯದ ಲೇಖಕರಿಗೆ ಅವಳ ಸಾವಿನ ಮೇಲೆ ಮುನ್ನೂರು ಪುಟ ಕಟ್ಟುವ ಹಕ್ಕಿಲ್ಲ ಎನ್ನುವಷ್ಟು ನನಗೆ ಸಿಟ್ಟಿದೆ.

ಕೊನೆಯದಾಗಿ ನಂಬಿಕೆಯ ಮಾತು. ಎಮಿಲ್ ಬಂದ ಅದೇ 1929ರಲ್ಲಿ, ರೊನಾಲ್ಡ್ ನಾಕ್ಸ್ ಎಂಬ ಇಂಗ್ಲಿಷ್ ಪಾದ್ರಿ, ತಾನೂ ಪತ್ತೇದಾರಿ ಕಥೆ ಬರೆಯುತ್ತಿದ್ದವರು, ಈ ಪ್ರಕಾರಕ್ಕೆ ಹತ್ತು ಕಟ್ಟಳೆಗಳನ್ನು ಹಾಕಿದರು. ಕೆಲವು ಇಂದು ನಗು ತರಿಸುತ್ತವೆ. ಒಂದು ಮಾತ್ರ ಹಾಗೇ ನಿಂತಿದೆ: ಪತ್ತೇದಾರನಿಗೆ ಸಿಕ್ಕ ಸುಳಿವನ್ನು ಓದುಗರಿಂದ ಬಚ್ಚಿಡಬಾರದು. ಹದಿನಾಲ್ಕರ ವಯಸ್ಸಿನವರಿಗೆ ಇದು ಎಂಥ ಗೌರವ ಎಂದು ಯೋಚಿಸಿ. “ಅದೆಲ್ಲ ನಿನಗೆ ಯಾಕೆ”, “ದೊಡ್ಡವಳಾದ ಮೇಲೆ ಹೇಳುತ್ತೇವೆ” ಎಂಬ ಮಾತುಗಳ ನಡುವೆ ಬದುಕುವವರ ಮುಂದೆ ಒಬ್ಬ ಲೇಖಕಿ ಬಂದು, ಇರುವ ಸಾಕ್ಷಿಯೆಲ್ಲ ಇಲ್ಲಿದೆ, ನೀನೇ ನೋಡು ಎನ್ನುತ್ತಾಳೆ. ಜೊತೆಗೆ ತಪ್ಪು ಊಹಿಸುವ ಸ್ವಾತಂತ್ರ್ಯ. ತರಗತಿಯಲ್ಲಿ ತಪ್ಪು ಉತ್ತರಕ್ಕೆ ಅಂಕ ಹೋಗುತ್ತದೆ. ಇಲ್ಲಿ ತಪ್ಪಿದಷ್ಟೂ ರುಚಿ.

ಜಾರ್ಜ್ ಲೋವೆನ್‌ಸ್ಟೈನ್ ಎಂಬ ವಿದ್ವಾಂಸರು 1994ರಲ್ಲಿ ಕುತೂಹಲದ ಬಗ್ಗೆ ಬರೆಯುತ್ತಾ, ಅದು ತಿಳಿದದ್ದಕ್ಕೂ ತಿಳಿಯಬೇಕಾದದ್ದಕ್ಕೂ ನಡುವಿನ ಅಂತರದಲ್ಲಿ ಹುಟ್ಟುತ್ತದೆ ಎಂದರು. ಏನೂ ಗೊತ್ತಿಲ್ಲದವರಿಗೆ ಕುತೂಹಲವಿಲ್ಲ. ಅರ್ಧ ಗೊತ್ತಿರುವವರಿಗೆ ನಿದ್ದೆಯಿಲ್ಲ. ಇದಕ್ಕೆ ಅಡ್ಡವಾಗಿ ಒಂದು ಪ್ರಯೋಗವೂ ಇದೆ. 2011ರಲ್ಲಿ ಸ್ಯಾನ್ ಡಿಯಾಗೋದ ಇಬ್ಬರು ಮನಶ್ಶಾಸ್ತ್ರಜ್ಞರು ಹನ್ನೆರಡು ಸಣ್ಣಕಥೆಗಳನ್ನು ಓದಲು ಕೊಟ್ಟರು. ಕೆಲವರಿಗೆ ಅಂತ್ಯವನ್ನು ಮೊದಲೇ ಹೇಳಿಬಿಟ್ಟರು. ಗೊತ್ತಿದ್ದು ಓದಿದವರೇ ಹೆಚ್ಚು ಖುಷಿಪಟ್ಟರು, ಪತ್ತೇದಾರಿ ಕಥೆಗಳಲ್ಲೂ! ಆಮೇಲೆ ಬೇರೆಯವರ ಪ್ರಯೋಗಗಳಲ್ಲಿ ಇದಕ್ಕೆ ವಿರುದ್ಧವಾದ ಫಲಿತಾಂಶವೂ ಬಂದಿದೆ. ನನಗೆ ಈ ವಿಷಯದಲ್ಲಿ ನನ್ನದೇ ಒಂದು ಅನುಭವವಿದೆ, ಅದನ್ನು ಹೇಳಿ ಮುಗಿಸುತ್ತೇನೆ.

ಹದಿಮೂರರಲ್ಲಿ ಗ್ರಂಥಾಲಯದಿಂದ ತಂದ ಒಂದು ಪತ್ತೇದಾರಿ ಪುಸ್ತಕ. ಹದಿನೇಳನೆಯ ಪುಟದಲ್ಲಿ ತೋಟದ ಮಾಲಿಯ ಹೆಸರಿನ ಸುತ್ತ ಯಾರೋ ಪೆನ್ಸಿಲಿನಿಂದ ವೃತ್ತ ಎಳೆದು, ಪಕ್ಕದಲ್ಲಿ ಬರೆದಿದ್ದರು: ‘ಇವನೇ’. ಕೆಳಗೆ ಎರಡು ಗೆರೆ. ನನಗೆ ಅಳು ಬಂತು. ಸಿಟ್ಟಿನಲ್ಲೇ ಓದಿದೆ, ಮಾಲಿ ಮಾಡಿದ ಪ್ರತಿಯೊಂದು ಕೆಲಸವನ್ನೂ ಗುಮಾನಿಯಿಂದ ನೋಡುತ್ತಾ. ಅರವತ್ತನೆಯ ಪುಟದಲ್ಲಿ ಮಾಲಿ ಕೊಲೆಯಾಗಿ ಬಿದ್ದಿದ್ದ. ಅಂಚಿನಲ್ಲಿ ಅದೇ ಕೈಬರಹ: ‘ಅಲ್ಲ. ಚಿಕ್ಕಪ್ಪ’. ನನಗೆ ನಗು ತಡೆಯಲಾಗಲಿಲ್ಲ. ಆ ಕ್ಷಣದಿಂದ ಆ ಪುಸ್ತಕವನ್ನು ನಾವಿಬ್ಬರೂ ಸೇರಿ ಓದಿದೆವು, ನಾನು ಮತ್ತು ಮುಖ ಕಾಣದ ಆ ಓದುಗರು. ತೊಂಬತ್ತರಲ್ಲಿ ಚಿಕ್ಕಪ್ಪನಿಗೆ ಪ್ರಶ್ನಾರ್ಥಕ ಚಿಹ್ನೆ. ನೂರಾಹನ್ನೆರಡರಲ್ಲಿ ಚಿಕ್ಕಮ್ಮನಿಗೆ ವೃತ್ತ, ನಾನು ಒಪ್ಪಲಿಲ್ಲ. ಅಲ್ಲಿಂದಾಚೆಗೆ ಪೆನ್ಸಿಲ್ ನಿಂತುಹೋಯಿತು. ಎಂಬತ್ತು ಪುಟಗಳಲ್ಲಿ ಒಂದು ಚುಕ್ಕೆಯೂ ಇಲ್ಲ. ಗುರುತು ಹಾಕಲು ಅವರಿಗೆ ಪುರುಸೊತ್ತಿರಲಿಲ್ಲ, ಹುಡುಕಲು ನನಗೂ ಇರಲಿಲ್ಲ. ಅಪರಾಧಿ ಮಾಲಿಯಲ್ಲ, ಚಿಕ್ಕಪ್ಪನಲ್ಲ, ಚಿಕ್ಕಮ್ಮನೂ ಅಲ್ಲ. ಕೊನೆಯ ಪುಟದ ಕೆಳಗೆ, ತೀರಾ ಸಣ್ಣ ಅಕ್ಷರಗಳಲ್ಲಿ ಬರೆದಿತ್ತು: ‘ನನಗೆ ಮೊದಲೇ ಗೊತ್ತಿತ್ತು’.